ಅಣ್ಣನ ಬೂಟು, ನಮ್ಮ ಮೂಗು

ಬೆಲ್ ಒತ್ತುವ ಮೊದಲೇ ಮನೆಗೆ ಯಾರು ಬಂದರೆಂದು ನಿಮಗೆ ಗೊತ್ತಾಗುತ್ತದೆಯೇ? ನಮಗೆ ಗೊತ್ತಾಗುತ್ತಿತ್ತು. ಖಾನಾಪುರದಿಂದ ಬಂದ ನಮ್ಮಣ್ಣ, ಮಹಾಂತೇಶ ನಗರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚಿದರೆ ಸಾಕು, ಸೊಸೆ ಒಗ್ಗರಣೆ ಬಿಟ್ಟು ಓಡಿ ಬಂದು ಕಿಟಕಿ ತೆರೆಯುತ್ತಿದ್ದಳು. (ಮೊಬೈಲಿನಲ್ಲಿ ಬರೆಯಲು ಈಗಷ್ಟೇ ಕಲಿತಿದ್ದೇನೆ. ಇದಕ್ಕೆ ಒಂದೇ ಬೆರಳು ಸಾಕು. ಇನ್ನೊಂದು ಕೈ ಮೂಗಿಗೆ!)

ಅವನು ಫಾರೆಸ್ಟ್ ಗಾರ್ಡ್ ಆಗಿದ್ದವನು. ಖಾನಾಪುರದ ಮಳೆಯಲ್ಲಿ ಬೂಟು ಒಣಗುವುದುಂಟೇ? ನೈಲಾನ್ ಸಾಕ್ಸು ಏರಿಸಿ, ಹಸಿ ಬೂಟಿನಲ್ಲೇ ಕಾಲು ತುರುಕಿ ಕಾಡು ತಿರುಗಿದ. ನಿವೃತ್ತನಾದ ಮೇಲೂ ಬೂಟು ಬಿಡಲಿಲ್ಲ. ಚಪ್ಪಲಿ ಹಾಕಿದರೆ ಬತ್ತಲೆ ನಿಂತ ಹಾಗೆ ಅನಿಸುತ್ತದಂತೆ. ಬಸ್ಸಿನಲ್ಲಿ ಮೂವರ ಸೀಟು ಅವನೊಬ್ಬನದೇ. "ಮಂದಿ ನನಗ ಭಾಳ ಮರ್ಯಾದಿ ಕೊಡ್ತಾರ" ಎನ್ನುತ್ತಿದ್ದ.

ಒಮ್ಮೆ ಕ್ಯಾಂಪ್ ಬಡಾವಣೆಯ ಚರ್ಮದ ಡಾಕ್ಟರ ಬಳಿ ಎಳೆದೊಯ್ದೆ. ಪಾಪ, ಆ ಹುಡುಗಿ ಕಿಟಕಿಯ ಪಕ್ಕ ನಿಂತೇ ವಿವರಿಸಿದಳು. "ಬರೇ ಬೆವರಿಗೆ ವಾಸನಿ ಇರೂದಿಲ್ರೀ ಅಜ್ಜಾರ. ಬೂಟಿನ್ಯಾಗ ಅದು ಆರೂದಿಲ್ಲ, ಚರ್ಮ ನೆನಿತೈತಿ. ಅದನ್ನ ತಿನ್ನೋ ಬ್ಯಾಕ್ಟೀರಿಯಾ ವಾಸನಿ ಹುಟ್ಟಸ್ತಾವ. ದಿನಾ ಕಾಲು ತೊಳದು ಬೆರಳ ಸಂದಿ ಒರಸ್ಕೋರಿ, ಕಾಟನ್ ಸಾಕ್ಸು ಹಾಕ್ರಿ, ಬೂಟು ಬಿಸಲಿಗಿಡ್ರಿ."

ಅಣ್ಣ ನನ್ನತ್ತ ತಿರುಗಿ, "ಕೇಳಿದೇನು? ನನ್ನ ತಪ್ಪಿಲ್ಲ. ಉಂಡು ಹೊಲಸು ಮಾಡೂವು ಅವು" ಎಂದ. ಬೂಟು ಬಿಸಿಲು ಕಾಣಲಿಲ್ಲ.

ಹೋದ ವರ್ಷ ಪವಾಡವೇ ಆಯಿತು. ಅಣ್ಣ ಬೂಟು ಬಿಚ್ಚಿದ, ವಾಸನೆಯೇ ಇಲ್ಲ! ಅಂಗಾಲು ಹಪ್ಪಳದಂತೆ ಒಣಗಿತ್ತು. "ಅಂತೂ ಮನಷ್ಯಾ ಆದಿ" ಎಂದೆ. ಖುಷಿಗೆ ಸೊಸೆ ಹಾಲು ಸಕ್ಕರೆಯ ಸಿಹಿ ಕುಂದಾ ತರಿಸಿದಳು. ಅಣ್ಣ ಮತ್ತೆ ಮತ್ತೆ ಹಾಕಿಸಿಕೊಂಡ. ಆಮೇಲೆ ಅವನು ಬಂದಾಗಲೆಲ್ಲ ಮನೆಯಲ್ಲಿ ಕುಂದಾ.

ಈ ಮಳೆಗಾಲದಲ್ಲಿ ವಾಸನೆ ಮರಳಿ ಬಂತು. ಆದರೆ ಅದು ಬೆವರಿನದಾಗಿರಲಿಲ್ಲ. ಬೂಟಿನ ಮೊಳೆ ಅಂಗಾಲಿಗೆ ಇಳಿದು ಗಾಯ ಕೊಳೆತಿದ್ದರೂ ಅವನಿಗೆ ತಿಳಿದೇ ಇರಲಿಲ್ಲ. ಸಕ್ಕರೆ ಕಾಯಿಲೆ ಎಷ್ಟೋ ದಿನದಿಂದ ಇತ್ತಂತೆ. ಅದು ಕಾಲಿನ ನರಗಳನ್ನು ಕೊಂದಿದೆ, ನೋವು ತಿಳಿಸುವ ನರವನ್ನೂ ಬೆವರು ತರಿಸುವ ನರವನ್ನೂ, ಎಂದರು ಆಸ್ಪತ್ರೆಯಲ್ಲಿ. ನಾವು ಕುಂದಾ ತಿಂದು ಸಂಭ್ರಮಿಸಿದ್ದು ಕಾಲು ಸಾಯುತ್ತಿದ್ದುದಕ್ಕೆ.

ನಾಳೆ ಅವನ ಬಲಪಾದ ತೆಗೆಯುತ್ತಾರೆ.

ಇವತ್ತು ಮಧ್ಯಾಹ್ನ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಪಟ್ಟಿಯ ಹೊರಗಿದ್ದ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಿದೆ. ಹಲಸಿಯ ಶಾಲೆಗೆ ಹೋಗುವಾಗ ನನ್ನನ್ನು ಬೆನ್ನ ಮೇಲೆ ಹೊತ್ತು ಹಳ್ಳ ದಾಟುತ್ತಿದ್ದ ಕಾಲು ಅದು. ಅಳು ತಡೆಯಲಾಗಲಿಲ್ಲ.

"ಖರೇ ಹೇಳು ಅಣ್ಣಾ, ಒಂಚೂರೂ ನೋಯೂದಿಲ್ಲೇನು?"

"ಇಲ್ಲ ತಂಗಿ. ಸಣ್ಣಾಕಿ ಇದ್ದಾಗ ನನ್ನ ಪಾಲಿನ ಉಂಡಿ, ಚಕ್ಕಲಿ ಎಲ್ಲಾ ಕಸಗೊಂಡು ತಿಂದಿ. ಈಗ ಈ ನೋವೂ ನೀನ ಕಸಗೊಂಡು ಕುಂತಿ. ಇದೊಂದಾದ್ರೂ ನನಗ ಬಿಡಬಾರದಾ?"