ಚಿಕ್ಕಪ್ಪನ ಹೆಬ್ಬೆರಳು

ನಮ್ಮ ಚಿಕ್ಕಪ್ಪ ಛತ್ರಿ ಬಿಚ್ಚುವುದನ್ನು ನೋಡಿಲ್ಲವೆಂದರೆ ನೀವು ಅವರ ಊರು ಮಂಕಿಗೆ ಹೋಗಿದ್ದೂ ದಂಡ! ಬಟನ್ ಛತ್ರಿಯೇ, ಅನುಮಾನ ಬೇಡ. ಆದರೆ ಅವರು ಬಟನ್ ಒತ್ತುವವರಲ್ಲ. ಹಿಡಿಕೆಯ ಬುಡಕ್ಕೆ ಅಂಗೈಯಿಂದ ಒಂದು ಗುದ್ದು. ಬಿಚ್ಚದಿದ್ದರೆ ಇನ್ನೊಂದು. ಏಳೆಂಟು ಗುದ್ದಾಗುವಷ್ಟರಲ್ಲಿ ಒಂದೋ ಛತ್ರಿ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಮಳೆ ನಿಲ್ಲುತ್ತದೆ. ಬಿಚ್ಚಿಕೊಂಡಿತೋ, ತೊಯ್ದು ತೊಪ್ಪೆಯಾದ ಚಿಕ್ಕಪ್ಪ ಹೆಬ್ಬೆರಳನ್ನು ಎತ್ತಿ ತೋರಿಸುತ್ತಾರೆ: "ಕಂಡ್ಯಾ? ಮುಟ್ಲೇ ಇಲ್ಲ!"

ಈ ಹುಚ್ಚಿನ ಬೇರು ಇರುವುದು ಪಿಸ್ತೂಲಿನಲ್ಲಿ. ಗಾಬರಿಯಾಗಬೇಡಿ, ಚಿಕ್ಕಪ್ಪ ಸರ್ಕಾರಿ ಶಸ್ತ್ರಾಗಾರವೊಂದರಲ್ಲಿ ಬಂದೂಕು ದುರಸ್ತಿ ಮಾಡುತ್ತಿದ್ದವರು. ಒಂದು ವರ್ಷ ಆಯುಧಪೂಜೆಗೆ ನಮ್ಮನ್ನೆಲ್ಲ ಅಲ್ಲಿಗೆ ಕರೆದಿದ್ದರು. ಅಂಗಳದಲ್ಲಿ ಸಾಲಾಗಿ ಮಲಗಿಸಿದ್ದ ಬಂದೂಕುಗಳಿಗೆ ಕುಂಕುಮ, ಚೆಂಡುಹೂವು. ನಾನು ಆಗಷ್ಟೇ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದೆ. ಅಂದರೆ, ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಉಳಿದಿರಲಿಲ್ಲ!

ಪೂಜೆ ಮುಗಿದ ಮೇಲೆ ಶಸ್ತ್ರಾಗಾರದ ಸಾಹೇಬರು, "ಬಂದವರಿಗೆ ಒಂದು ಪಿಸ್ತೂಲು ತೋರಿಸಿ" ಎಂದರು. ಪಿಸ್ತೂಲಿನ ಮೇಲೆ ಸ್ಲೈಡ್ ಎಂಬ ಜಾರುವ ಭಾಗವೊಂದಿದೆ. ಅದನ್ನು ಹಿಂದಕ್ಕೆಳೆದರೆ ಪಕ್ಕದ ಚಿಕ್ಕ ಕೊಕ್ಕೆಯೊಂದು ಹಿಡಿದು ನಿಲ್ಲಿಸುತ್ತದೆ. ಗುಂಡು ತುಂಬಿದ ಮ್ಯಾಗಜೀನ್ ಎಂಬ ಡಬ್ಬಿಯನ್ನು ಹಿಡಿಕೆಯೊಳಕ್ಕೆ ಕೆಳಗಿನಿಂದ ತುರುಕಿ, ಹೆಬ್ಬೆರಳಿನಿಂದ ಆ ಕೊಕ್ಕೆಯನ್ನು ಒತ್ತಿದರೆ ಸ್ಲೈಡ್ ಮುಂದೆ ಹಾರಿ, ಒಂದು ಗುಂಡನ್ನು ನಳಿಗೆಗೆ ತಳ್ಳಿ ಮುಚ್ಚಿಕೊಳ್ಳುತ್ತದೆ; ಆಮೇಲೆ ಪಿಸ್ತೂಲು ಹಾರಲು ಸಿದ್ಧ. ಚಿಕ್ಕಪ್ಪ ಇಷ್ಟನ್ನು ವಿವರಿಸಿ, ಮದ್ದಿಲ್ಲದ ಡಮ್ಮಿ ಗುಂಡುಗಳ ಮ್ಯಾಗಜೀನನ್ನು ಹಬ್ಬದ ಹುರುಪಿನಲ್ಲಿ ತುಸು ಜೋರಾಗಿಯೇ ಗುದ್ದಿದರು. ಖಟಕ್! ಸ್ಲೈಡ್ ತಾನಾಗಿಯೇ ಮುಚ್ಚಿಕೊಂಡಿತು. ಮೇಜಿನ ಮೇಲಿದ್ದ ಒಂದು ಚೆಂಡುಹೂವು ಉರುಳಿ ಕೆಳಗೆ ಬಿತ್ತು.

"ಕೊಕ್ಕೆ ಮೇಲೆ ನಿಮ್ಮ ಹೆಬ್ಬೆರಳಿತ್ತು" ಎಂದರು ಸಾಹೇಬರು.

"ಇಲ್ಲ ಸಾರ್. ಗುದ್ದಿದ ಪೆಟ್ಟಿಗೇ ಮುಚ್ಚಿಕೊಂಡ್ತು."

ಸಾಹೇಬರು ಸುತ್ತ ನೋಡಿ, ಓದಿದವನ ಹಾಗೆ ಕಾಣುವ ಮುಖವೊಂದನ್ನು ಹುಡುಕಿದರು. ನನ್ನದೇ ಸಿಕ್ಕಬೇಕೆ! "ನೀವು ನೋಡಿದ್ರಾ?"

"ಬೆರಳು ಇದ್ದ ಹಾಗೆ ಕಾಣಿಸ್ತು ಸಾರ್" ಎಂದೆ.

ಕೈತಪ್ಪು ಮಾಡಿ ಸುಳ್ಳೂ ಹೇಳಿದರೆಂದು ಹದಿನೈದು ದಿನಗಳಲ್ಲಿ ಚಿಕ್ಕಪ್ಪನನ್ನು ಶಸ್ತ್ರಾಗಾರದಿಂದ ಎತ್ತಿ ಕಚೇರಿಯೊಂದರ ಗೇಟಿಗೆ ಹಾಕಿದರು. ಬಂದೂಕಿನ ಒಡಲನ್ನೆಲ್ಲ ಬಲ್ಲ ಮನುಷ್ಯ ನಿವೃತ್ತಿಯವರೆಗೆ ಗೇಟು ತೆಗೆದರು, ಗೇಟು ಹಾಕಿದರು. ಆ ಗೇಟು ಎಂದೂ ತಾನಾಗಿ ಮುಚ್ಚಿಕೊಳ್ಳಲಿಲ್ಲವಂತೆ!

ಮ್ಯಾಗಜೀನನ್ನು ಜೋರಾಗಿ ಗುದ್ದಿದರೆ ಕೊಕ್ಕೆ ಜಾರಿ ಸ್ಲೈಡ್ ಮುಚ್ಚಿಕೊಳ್ಳುವುದುಂಟು ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ನಾನಿರುವ ಕುಮಟಾದಿಂದ ಕೂಡಲೇ ಫೋನ್ ಮಾಡಿ ಹೇಳಿದೆ. ಚಿಕ್ಕಪ್ಪ ಅಲ್ಲಾಡಲಿಲ್ಲ. "ಪುಸ್ತಕ ಬರ್ದವ ಅಲ್ಲಿದ್ನಾ? ಅಲ್ಲಿದ್ದವ ನೀನು!"

ಮಾಡಿ ತೋರಿಸೋಣವೆಂದರೆ ಇನ್ನು ಪಿಸ್ತೂಲು ಎಲ್ಲಿಂದ ತರುವುದು? ಅವರ ಪಾಲಿನ ಸತ್ಯ ಹೊನ್ನಾವರದ ಬಸ್ಸಿನಲ್ಲಿ ಕಾದಿತ್ತು. ಬಸ್ಸು ಗುಂಡಿಗೆ ಇಳಿದಾಗ ಕಾಲ ಸಂದಿಯಲ್ಲಿದ್ದ ಬಟನ್ ಛತ್ರಿ ನೆಲಕ್ಕೆ ಕುಟ್ಟಿ, ಫಟ್ಟನೆ ಬಿಚ್ಚಿ, ಕಂಡಕ್ಟರನ ಹಣೆಗೆ ಬಡಿಯಿತು.

"ಹೋಯ್ ಅಜ್ಜಾ, ಎಂತದಿದು! ಬಸ್ಸಿನೊಳಗೂ ಮಳೆ ಬತ್ತದಾ?"

"ನಾನು ಬಟನ್ ಮುಟ್ಟಿದ್ನನಾ? ಕಂಡವ ನೀನು, ಹೇಳು!"

"ನೀವು ಮುಟ್ಲಿಲ್ಲ, ಅದೇ ನನ್ನ ಮುಟ್ತು!"

ಅಲ್ಲೂ ಸ್ಪ್ರಿಂಗು, ಅಲ್ಲೂ ಕೊಕ್ಕೆ, ಅಲ್ಲೂ ಪೆಟ್ಟು! ಚಿಕ್ಕಪ್ಪ ಹೊನ್ನಾವರದಲ್ಲಿ ಇಳಿದವರೇ ಒಂದು ನೋಟ್‌ಬುಕ್ ಕೊಂಡರು. "ಬಟನ್ ಮೇಲೆ ಬೆರಳು ಇರಲಿಲ್ಲವೆಂದು ಕಣ್ಣಾರೆ ಕಂಡಿದ್ದೇನೆ" ಎಂದು ಬರೆದು, ಬಸ್ಸು ಹೊರಡುವ ಮೊದಲು ಕಂಡಕ್ಟರನಿಂದ ಸಹಿ ಹಾಕಿಸಿಕೊಂಡರು. ಅಲ್ಲಿಂದ ಶುರುವಾಯಿತು ನೋಡಿ ಸಾಕ್ಷಿ ಸಂಗ್ರಹ! ಮೀನು ಮಾರುವ ಹೆಂಗಸೊಬ್ಬಳು ಹೆಬ್ಬೆಟ್ಟು ಒತ್ತಿದ್ದಾಳೆ. ಹೆಬ್ಬೆರಳು ಮುಟ್ಟಲಿಲ್ಲ ಎನ್ನುವುದಕ್ಕೆ ಹೆಬ್ಬೆರಳೇ ಸಾಕ್ಷಿ!

ಭಟ್ಕಳದ ಛತ್ರಿ ಅಂಗಡಿಗೆ ಅವರೊಡನೆ ಹೋಗಿ ನಾನೂ ಮರ್ಯಾದೆ ಕಳೆದುಕೊಂಡಿದ್ದೇನೆ. ಹತ್ತು ಛತ್ರಿ ಇಳಿಸಿಕೊಂಡು ಒಂದೊಂದಕ್ಕೂ ಗುದ್ದಿದರು. ಮೂರು ಬಿಚ್ಚಿಕೊಂಡವು. ಮಾಲೀಕರು ಗಡ್ಡ ನೀವಿಕೊಳ್ಳುತ್ತ ಕೇಳಿದರು, "ಚಾಚಾ, ಛತ್ರಿ ತಗೊಳ್ಳಿಕ್ಕೆ ಬಂದದ್ದಾ, ಹೊಡೀಲಿಕ್ಕೆ ಬಂದದ್ದಾ?"

"ಉಳಿದ ಏಳು ಬಿಚ್ಚಲೇ ಇಲ್ಲವಲ್ಲ ಚಿಕ್ಕಪ್ಪ?" ಎಂದು ಕೆಣಕಿದೆ.

"ಹತ್ತರಲ್ಲಿ ಒಂದೇ ಬಿಚ್ಚಿದ್ರೂ ಆತು ತಮಾ. ನನ್ನ ಪಿಸ್ತೂಲು ಮುಚ್ಚಿಕೊಂಡದ್ದೂ ಒಂದೇ ಸಲ."



ನೋಟ್‌ಬುಕ್ಕಿನ ಮೊದಲ ಸಾಲು ಮಾತ್ರ ಖಾಲಿಯೇ ಉಳಿದಿತ್ತು. ಅದು ನನಗೆ ಮೀಸಲು. ಈ ಮಳೆಗಾಲದಲ್ಲಿ ಮಂಕಿಗೆ ಹೋದಾಗ ಚಿಕ್ಕಮ್ಮನೇ ಅದನ್ನು ತಂದು ಮುಂದಿಟ್ಟರು. "ಒಂದು ಸಹಿ ಹಾಕ್ಬಿಡಾ ತಮಾ. ಮನೆ ಛತ್ರಿ ಎಲ್ಲ ಮುರ್ದು ಹೋತು!"

ಹಾಕಿಬಿಡಬಹುದಿತ್ತು. ಆದರೆ ಕಣ್ಣಾರೆ ಕಂಡಿದ್ದೇನೆಯೇ? ಆ ಹೆಬ್ಬೆರಳು ನನ್ನ ನೆನಪಿನಲ್ಲಿ ಒಂದು ದಿನ ಕೊಕ್ಕೆಯ ಮೇಲಿರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಕಣ್ಣು ಮುಚ್ಚಿ ಮತ್ತೊಮ್ಮೆ ಆ ಅಂಗಳಕ್ಕೆ ಹೋದೆ. ಖಟಕ್ ಎಂದ ಸದ್ದಿದೆ. ಉರುಳಿದ ಹೂವಿದೆ. ಎಲ್ಲಕ್ಕಿಂತ ಮುಂದೆ, ಕಣ್ಣಿನ ತುಂಬ, ಬೆವರಿನಿಂದ ನಕ್ಷೆ ಬಿದ್ದ ಒಂದು ಖಾಕಿ ಅಂಗಿಯ ಬೆನ್ನಿದೆ.

ಬೆನ್ನು!

ಬೆನ್ನು ಕಂಡಿದ್ದರೆ ನಾನು ನಿಂತಿದ್ದು ಚಿಕ್ಕಪ್ಪನ ಹಿಂದೆ. ಹಿಂದೆ ನಿಂತವನಿಗೆ ಎದೆಯ ಮುಂದೆ ಹಿಡಿದ ಪಿಸ್ತೂಲಿನ ಕೊಕ್ಕೆ ಕಾಣುವುದುಂಟೆ? ಬೆರಳು ಇದ್ದದ್ದನ್ನೂ ನಾನು ನೋಡಿರಲಿಲ್ಲ, ಇಲ್ಲದ್ದನ್ನೂ ನೋಡಿರಲಿಲ್ಲ. ನಾನು ನೋಡಿಯೇ ಇರಲಿಲ್ಲ. ಮತ್ತೆ ನಾನು ಹಿಂದೆ ಯಾಕೆ ನಿಂತಿದ್ದೆ? ಡಮ್ಮಿ ಗುಂಡೇ ಆದರೂ ಪಿಸ್ತೂಲಿನ ಮೂತಿಯನ್ನು ಗೋಡೆಗೆ ಒಟ್ಟಿದ್ದ ಮರಳಿನ ಚೀಲಗಳತ್ತ ತಿರುಗಿಸಿ, ಎಡಗೈ ಚಾಚಿ, ನಮ್ಮನ್ನೆಲ್ಲ ಅವರೇ ಹಿಂದಕ್ಕೆ ತಳ್ಳಿದ್ದರು.

ಖಾಲಿ ಸಾಲಿನಲ್ಲಿ ಬರೆದೆ: "ನಾನು ಚಿಕ್ಕಪ್ಪನ ಹಿಂದೆ ನಿಂತಿದ್ದೆ. ಬೆರಳನ್ನು ನೋಡಿಲ್ಲ. ಸಾಹೇಬರಿಗೆ ಹೇಳಿದ್ದು ಸುಳ್ಳು. ನಮ್ಮನ್ನು ಹಿಂದೆ ನಿಲ್ಲಿಸಿದ್ದು ಚಿಕ್ಕಪ್ಪ." ಸಹಿ ಹಾಕಿದೆ.

ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನಂಗೆ ಗೊತ್ತಿತ್ತು ತಮಾ. ನಿಲ್ಸಿದವ ನಾನೇ ಅಲ್ಲನಾ?"

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?"

"ಅಷ್ಟು ಜನರ ಎದ್ರಿಗೆ ನಿನ್ನ ಸುಳ್ಳ ಮಾಡೂದಾ? ಆಗಷ್ಟೇ ಪಾಸಾದವ ನೀನು."

ಹೊರಗೆ ಮಳೆ ಹೊಯ್ಯುತ್ತಿತ್ತು. ನನ್ನನ್ನು ಬಸ್ಸಿಗೆ ಬಿಡಲು ಚಿಕ್ಕಪ್ಪ ಛತ್ರಿ ಹಿಡಿದು ಜಗಲಿಗೆ ಬಂದರು. ನಾನು ಗುದ್ದುಗಳನ್ನು ಎಣಿಸಲು ಸಿದ್ಧನಾದೆ. ಅವರು ಗುದ್ದಲಿಲ್ಲ. ಹೆಬ್ಬೆರಳನ್ನು ಬಟನ್ನಿನ ಮೇಲಿಟ್ಟರು. ಒತ್ತುವ ಮೊದಲು ಎಡಗೈಯನ್ನು ನನ್ನ ಎದೆಗೆ ಅಡ್ಡ ಚಾಚಿ ಹೇಳಿದರು:

"ಹಿಂದೆ ನಿಲ್ಲಾ ತಮಾ."