ಶನಿವಾರ ಐದು ಗಂಟೆಯ ಹಬೆ ಮತ್ತು ತಮ್ಮ ಹನ್ನೊಂದು ಲಕ್ಷ ಸಾಲುಗಳು

ಹೌಕಿ ಎಂಬ ಡೇಟಾಬೇಸ್ ಎಂಜಿನ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ವರ್ಕೌಸ್ ಪಟ್ಟಣದ ನಮ್ಮ ಹದಿನೆಂಟು ಮನೆಗಳ ಕಟ್ಟಡದ ಪರವಾಗಿ ತಮಗೆ ನವೆಂಬರ್ ತಿಂಗಳ ತಣ್ಣನೆಯ ನಮಸ್ಕಾರಗಳು. ತಾವು ಯಾರಿಂದಲೂ ಏನನ್ನೂ ಕೇಳದೆ ತಮ್ಮ ಒಡಲಿನ ಹನ್ನೊಂದು ಲಕ್ಷ ಸಾಲುಗಳ ಸೋರ್ಸ್ ಕೋಡನ್ನು ಲೋಕದ ಮುಂದೆ ತೆರೆದಿಟ್ಟಿದ್ದೀರಿ. ಯಾರು ಬೇಕಾದರೂ ಓದಬಹುದು ಎಂದಿದ್ದೀರಿ. ಯಾರಿಗಾದರೂ ಅರ್ಥವಾದೀತು ಎಂದು ಮಾತ್ರ ಎಲ್ಲಿಯೂ ಭರವಸೆ ಕೊಟ್ಟಿಲ್ಲ. ಆ ಪ್ರಾಮಾಣಿಕತೆಗೆ ಮೊದಲ ವಂದನೆ.

ನಮ್ಮ ನೆಲಮಾಳಿಗೆಯಲ್ಲಿ ಎಲ್ಲರೂ ಹಬೆಸ್ನಾನ ಮಾಡುವ ಹಬೆಮನೆಯಲ್ಲಿ ಯಾವ ಮನೆಗೆ ಯಾವಾಗ ಸರದಿ ಎಂಬ ಪಟ್ಟಿ ತಮ್ಮ ಹಳೆಯ ಆವೃತ್ತಿಯೊಂದರ ಹೊಟ್ಟೆಯಲ್ಲಿತ್ತು. ಕಳೆದ ತಿಂಗಳು ಕಂಪ್ಯೂಟರ್ ಸತ್ತಿತು, ಡಿಸ್ಕ್ ಉಳಿಯಿತು. ಆ ಆವೃತ್ತಿ ಸಿದ್ಧರೂಪದಲ್ಲಿ ಈಗ ಸಿಗದ ಕಾರಣ, ಸೋರ್ಸ್ ಕೋಡಿನಿಂದಲೇ ಅದನ್ನು ಕಂಪೈಲ್ ಮಾಡಿ ಓಡುವಂತಾಗಿಸುವ ಭಾಗ್ಯ ನಿವೃತ್ತ ಗಣಿತ ಮೇಷ್ಟರಾದ ನನ್ನ ಪಾಲಿಗೆ ಬಂತು. ಗುರುವಾರದ ಸಭೆಯ ಹೊತ್ತಿಗೆ ಪಟ್ಟಿ ಸಿಗದಿದ್ದರೆ ಸರದಿಗಳನ್ನೆಲ್ಲ ಚೀಟಿ ಎತ್ತಿ ಹಂಚುವುದಾಗಿ ಹೊಸ ಅಧ್ಯಕ್ಷ ಯೌನಿ ವೆಸ್ತೆರಿನೆನ್ ನೋಟಿಸ್ ಅಂಟಿಸಿದ್ದರು. ನಾಲ್ಕನೇ ಮನೆಯ ಇಂಪಿ ಹಕ್ಕರೈನೆನ್ ಅವರಿಗೆ ಎಂಬತ್ತಾರು ವರ್ಷ. ಶನಿವಾರ ಐದು ಗಂಟೆಯ ಹಬೆ ತಪ್ಪಿದರೆ ಅವರಿಗೆ ಆ ವಾರ ಮುಗಿದಂತೆಯೇ ಅಲ್ಲ. "ದಾಖಲೆ ನಿಮ್ಮ ಪರ ಮಾತಾಡುತ್ತೆ, ಸುಮ್ನಿರಿ" ಎಂದು ನಾನು ಮಾತು ಕೊಟ್ಟುಬಿಟ್ಟೆ.

ತಾವು ಸೋಮವಾರ ನಲವತ್ತು ನಿಮಿಷ ಓಡಿ, ತಮಗೆ ಬೇಕಾದ ಒಂದು ಲೈಬ್ರರಿ, ಅಂದರೆ ಸಹಾಯಕ ಕೋಡು, ಇಲ್ಲವೆಂದು ನಿಂತಿರಿ. ತಂದುಕೊಟ್ಟೆ. ಮತ್ತೆ ನಲವತ್ತು ನಿಮಿಷ ಓಡಿ ಇನ್ನೊಂದು ಇಲ್ಲವೆಂದಿರಿ. ಊಟಕ್ಕೆ ಕೂತಮೇಲೆ ಉಪ್ಪು, ಉಪ್ಪು ಬಂದಮೇಲೆ ನೀರು ಕೇಳುವ ಬೀಗರ ಸಂಯಮ ತಮ್ಮದು. ನಡುವೆ ಸಾವಿರದ ಮುನ್ನೂರು ಎಚ್ಚರಿಕೆಗಳನ್ನೂ ಕೊಟ್ಟಿರಿ. ನನಗೆಂದು ಅನ್ನ ತುಂಬಿದ ರೈ ಹಿಟ್ಟಿನ ಕಡುಬು ತಂದಿದ್ದ ಇಂಪಿ, ಪರದೆಯನ್ನೇ ನೋಡುತ್ತ, "ಏನ್ರೀ ಇದು, ಇಷ್ಟೊಂದು ಮಾತಾಡುತ್ತೆ! ನಮ್ಮೆಜಮಾನ್ರು ಐವತ್ತು ವರ್ಷದಲ್ಲಿ ಇಷ್ಟು ಮಾತಾಡಿರ್ಲಿಲ್ಲ" ಎಂದರು.

ಬುಧವಾರ ಮಧ್ಯಾಹ್ನ, ಏಳನೇ ಪ್ರಯತ್ನದಲ್ಲಿ, ತಾವು ಕೊನೆಗೂ ಒಲಿದಿರಿ. ಇನ್ನೂರ ಹದಿನಾಲ್ಕು ಪರೀಕ್ಷೆಗಳಲ್ಲೂ ಉತ್ತೀರ್ಣರಾದಿರಿ. ಪಟ್ಟಿ ತೆರೆಯಿತು. ಶನಿವಾರ ಐದು ಗಂಟೆ: ಒಂಬತ್ತನೇ ಮನೆ, ತೌನೊ ಪಿರ್ಹೊನೆನ್. ಇಂಪಿ ಅವರದು ಶುಕ್ರವಾರ.

ನಾನು ಒಂಬತ್ತನೇ ಮನೆಯ ಬಾಗಿಲು ತಟ್ಟಿದೆ. ತೌನೊ ತಮ್ಮ ಕಾಲ್ಚೀಲಕ್ಕೆ ಹೇಳುವಂತೆ ಹೇಳಿದರು: "ಇಂಪಿಯವರ ಎಜಮಾನ್ರು ತೀರಿಕೊಂಡ ವರ್ಷ ಆಯಮ್ಮ ದಿನ ತಪ್ಪಿ ಶನಿವಾರ ಬಂದ್ರು. ಬಾಗಿಲಲ್ಲಿ ಚಪ್ಪಲಿ ಕಂಡೆ, ವಾಪಸ್ ಬಂದೆ."

"ಮುಂದಿನ ವಾರ ಹೇಳಬಹುದಿತ್ತಲ್ಲ?"

"ಮುಂದಿನ ವಾರವೂ ಚಪ್ಪಲಿ ಇತ್ತು."

ಹೀಗೆ ಹನ್ನೊಂದು ವರ್ಷ. ತೌನೊ ಶುಕ್ರವಾರ ಹೋಗುತ್ತಾರೆ, ಮಾತಿಲ್ಲ ಕತೆಯಿಲ್ಲ. "ಆಯಮ್ಮನಿಗೆ ಗೊತ್ತಾದ್ರೆ ನಾಚಿ ಹಬೆಮನೆಗೇ ಬರೋದು ಬಿಡ್ತಾರೆ. ನಿಮ್ಮ ಯಂತ್ರಕ್ಕೆ ಬಾಯಿ ಮುಚ್ಚೋಕೆ ಹೇಳಿ" ಎಂದು ಬಾಗಿಲು ಹಾಕಿಕೊಂಡರು.

ಆದ್ದರಿಂದ, ಮಾನ್ಯರೇ, ನನ್ನ ದೂರು ತಮ್ಮ ತಪ್ಪುಗಳ ಬಗ್ಗೆ ಅಲ್ಲ. ಅವನ್ನು ಏಳು ಫ್ಲಾಸ್ಕ್ ಕಾಫಿಯೊಂದಿಗೆ ನುಂಗಿದ್ದೇನೆ. ದೂರು ತಮ್ಮ ನಿಷ್ಠೆಯ ಬಗ್ಗೆ. ಮುಂದಿನ ಆವೃತ್ತಿಯಲ್ಲಿ ದಯವಿಟ್ಟು ಇನ್ನೂರ ಹದಿನೈದನೆಯ ಪರೀಕ್ಷೆಯೊಂದನ್ನು ಸೇರಿಸಿ: ಬಾಗಿಲಲ್ಲಿ ಚಪ್ಪಲಿ ಕಂಡರೆ ಎಂಜಿನ್ ಹಿಂದಿರುಗುತ್ತದೆಯೇ?

ತಮ್ಮ ವಿಶ್ವಾಸಿ, ಕಣ್ಣುರಿಯ ನಡುವೆಯೂ,
ಔಲಿಸ್ ಕರ್ವೊನೆನ್, ಹನ್ನೆರಡನೇ ಮನೆ

ತಾ.ಕ.: ಗುರುವಾರದ ಸಭೆಗೆ ಪಟ್ಟಿ ಹಾಜರಾಯಿತು. ಶನಿವಾರ ಐದಕ್ಕೆ ಇಂಪಿ, ಶುಕ್ರವಾರ ಐದಕ್ಕೆ ತೌನೊ. ಅಧ್ಯಕ್ಷರು ಓದಿ ರುಜು ಹಾಕಿದರು. ತಮ್ಮ ಹನ್ನೊಂದು ಲಕ್ಷ ಸಾಲುಗಳನ್ನು ಯಾರು ಬೇಕಾದರೂ ತಿದ್ದಬಹುದು ಎಂದು ತಾವು ಬರೆದಿದ್ದೀರಿ. ಅಷ್ಟು ಶ್ರಮ ಬೇಕಾಗಲಿಲ್ಲ. ಪಟ್ಟಿಯ ಎರಡು ಸಾಲು ಸಾಕಾಯಿತು, ಮತ್ತೆ ಕಂಪೈಲ್ ಕೂಡ ಮಾಡಬೇಕಾಗಲಿಲ್ಲ.