ಎಡಗಡೆಯಿಂದ ಸುತ್ತಿ ಬನ್ನಿ

ಲಿಂಗನಮಕ್ಕಿ ಅಣೆಕಟ್ಟಿಗೆ ಸಿಮೆಂಟು ಹೊತ್ತ ಲಾರಿಗಳು ಓಡಾಡತೊಡಗಿದ ಮೇಲೆ ಹೊಸನಗರದ ಮೂರು ರಸ್ತೆ ಕೂಡುವಲ್ಲಿ ಲಾರಿ, ಬಸ್ಸು, ಎತ್ತಿನಗಾಡಿಗಳು ದಿನಾ ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತಿದ್ದವು. ಅದಕ್ಕೆ ಮೇಲಿನವರು ಕಂಡುಹಿಡಿದ ಮದ್ದು, ನಡುವೆ ಒಂದು ದುಂಡನೆಯ ಕಟ್ಟೆ. ಎಲ್ಲರೂ ಅದನ್ನು ಎಡಗಡೆಯಿಂದ ಸುತ್ತಿ ಹೋಗಬೇಕು. ಹಾಗೆ ಸುತ್ತಿಸಲು ಒಬ್ಬ ಹಂಗಾಮಿ ನೌಕರ, ಗುತ್ಯಪ್ಪ. ಈ ದಿನ ಮಧ್ಯಾಹ್ನ ಮೂರಕ್ಕೆ ಎಂಜಿನಿಯರ್ ಸಾಹೇಬರು ಬಂದಾಗ ಗಾಡಿಗಳು ಸರಾಗವಾಗಿ ಓಡುತ್ತಿದ್ದರೆ ಅವನ ಕೆಲಸ ಕಾಯಂ. ಇಲ್ಲದಿದ್ದರೆ ನಾಳೆಯಿಂದ ಬರಬೇಕಾಗಿಲ್ಲ.

ಬೆಳಗ್ಗೆಯಿಂದ ಸೀಟಿ ಊದಿ ಊದಿ ಗುತ್ಯಪ್ಪನ ಕೆನ್ನೆ ಬಾತುಹೋಗಿತ್ತು. ಒಬ್ಬರೂ ಸುತ್ತಲಿಲ್ಲ.

"ತೀರ್ಥಹಳ್ಳಿ ರಸ್ತೆ ಇಲ್ಲೇ ಕಾಣ್ತದಲ್ಲೋ ಮಾರಾಯ! ಸುತ್ತು ಹಾಕಕ್ಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದು ಬಸ್ ಡ್ರೈವರ್ ಕೆರಿಯಪ್ಪ ಬಲಗಡೆಯಿಂದಲೇ ನುಗ್ಗಿಸಿದ. ಎದುರಿನ ಗಾಡಿಯ ಎತ್ತುಗಳು ಬೆದರಿ ಕಟ್ಟೆ ಹತ್ತಿ ನಿಂತವು.

ಎತ್ತು ಇಳಿಸಿ, ಜಗಳ ಬಿಡಿಸುವಷ್ಟರಲ್ಲಿ ಗಂಟೆ ಎರಡಾಯಿತು. ಕಟ್ಟೆ ಯಾರ ಕಣ್ಣಿಗೂ ಬೀಳುತ್ತಿಲ್ಲವೆಂದು ಗುತ್ಯಪ್ಪ ಅದರ ನಡುವೆ ಒಂದು ಉದ್ದನೆಯ ಕಲ್ಲು ನಿಲ್ಲಿಸಿದ. ಡಬ್ಬಿಯಲ್ಲಿ ಉಳಿದಿದ್ದ ಕೆಂಪು ಬಣ್ಣವನ್ನೆಲ್ಲ ಅದಕ್ಕೆ ಬಳಿದು, ಕೈ ತೊಳೆಯಲು ಬಾವಿಯ ಕಡೆ ಹೋದ.

ಆಗ ಬಂದಳು ಹೂ ಮಾರುವ ಹಾಲಮ್ಮ. ಕೆಂಪು ಬಳಿದ ಕಲ್ಲು ಕಂಡು ಸುಮ್ಮನೆ ಹೋಗುವ ಹೆಂಗಸಲ್ಲ ಅವಳು.

"ಅಯ್ಯೋ, ಚೌಡಮ್ಮನ್ನ ಕೂರ್ಸಿದಾರೆ, ಒಂದು ಹೂವಿಲ್ಲ!" ಎಂದು ಒಂದು ಮೊಳ ಸೇವಂತಿಗೆ ಏರಿಸಿ, ಮೂರು ಸುತ್ತು ಬಂದು ಕೈಮುಗಿದಳು. ತೀರ್ಥಹಳ್ಳಿಯಿಂದ ವಾಪಸು ಬರುತ್ತಿದ್ದ ಕೆರಿಯಪ್ಪ ಅದನ್ನು ನೋಡಿದ. ಬೆಳಗ್ಗೆ ತಾನು ನುಗ್ಗಿಸಿದ್ದು ನೆನಪಾಗಿ ಗಲ್ಲ ಗಲ್ಲ ಬಡಿದುಕೊಂಡ.

ಗುತ್ಯಪ್ಪ ತಿರುಗಿ ಬಂದಾಗ ಕೆರಿಯಪ್ಪನ ಬಸ್ಸು ಮೂರನೆಯ ಪ್ರದಕ್ಷಿಣೆಯಲ್ಲಿತ್ತು. ಹಿಂದೆ ಸಿಮೆಂಟ್ ಲಾರಿ, ಅದರ ಹಿಂದೆ ಎತ್ತಿನಗಾಡಿ. ಎಲ್ಲವೂ ಎಡಗಡೆಯಿಂದಲೇ! ದೇವರಿಗೆ ಅಪ್ರದಕ್ಷಿಣೆ ಬರುವ ಧೈರ್ಯ ಯಾರಿಗಿದೆ?

"ಅದು ದೇವ್ರಲ್ಲ ಮಾರಾಯ್ರೆ, ನಾನೇ..." ಎಂದು ಬಾಯಿ ತೆರೆದವನು ಗಡಿಯಾರ ನೋಡಿ ಬಾಯಿ ಮುಚ್ಚಿಕೊಂಡ.

ಸರಿಯಾಗಿ ಮೂರಕ್ಕೆ ಸಾಹೇಬರ ಜೀಪು ಬಂತು. ಅದರ ಡ್ರೈವರ್ ಭೂತಪ್ಪ ಚಪ್ಪಲಿ ಕಳಚಿಟ್ಟು, ಸಾಹೇಬರ ಸಮೇತ ಮೂರು ಸುತ್ತು ಹಾಕಿದ.

"ಭೇಷ್!" ಎಂದರು ಸಾಹೇಬರು ಇಳಿಯುತ್ತಲೇ. "ಒಂದು ಗಾಡಿನೂ ನಿಲ್ಲಲಿಲ್ಲ, ಒಂದಕ್ಕೊಂದು ತಾಗಲಿಲ್ಲ. ಇಂಥ ಶಿಸ್ತು ನಾನು ಶಿವಮೊಗ್ಗದಲ್ಲೂ ಕಂಡಿಲ್ಲ ಕಣಯ್ಯ."

ಗುತ್ಯಪ್ಪನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಪುಷ್ಪಮ್ಮನಿಗೆ ಯಾವಾಗ ಹೇಳುತ್ತೇನೋ ಎನಿಸಿತು.

ಸಾಹೇಬರು ವರದಿ ಬರೆದು ಗಟ್ಟಿಯಾಗಿ ಓದಿದರು: "ಕಟ್ಟೆ ಕಾಯಂ ಆಗಿ ಇರಲಿ. ಜನ ತಾವಾಗಿಯೇ ಸುತ್ತುತ್ತಿರುವುದರಿಂದ, ಸುತ್ತಿಸಲು ಇಲ್ಲಿ ಆಳಿನ ಅಗತ್ಯವಿಲ್ಲ."

ಜೀಪು ಹೊರಟುಹೋಯಿತು. ಹಾಲಮ್ಮ ಹತ್ತಿರ ಬಂದಳು.

"ಯಾಕೆ ಗುತ್ಯಪ್ಪಣ್ಣ, ಮುಖ ಸಣ್ಣ ಮಾಡ್ಕಂಡೆ? ಕೆಲ್ಸ ಬೇಕಂದ್ರೆ ಅಮ್ಮನ್ನ ಬೇಡ್ಕ. ಕೇಳಿದ್ದು ಕೊಡ್ತಾಳೆ."

ಗುತ್ಯಪ್ಪ ಅತ್ತ ಇತ್ತ ನೋಡಿದ. ಆಮೇಲೆ ಕೈಮುಗಿದು, ಎಡಗಡೆಯಿಂದಲೇ ಮೂರು ಸುತ್ತು ಬಂದ. ತಾನೇ ಬಣ್ಣ ಬಳಿದ ಕಲ್ಲೆಂದು ಗೊತ್ತಿದ್ದರೂ ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು.